ಮೂರು ಗಂಟೆಯ ಹರಿಹರ

ಕೆರಿಬಿಯನ್ ಕಡೆ ಓಡಾಡುವ ಪ್ರವಾಸಿ ಹಡಗುಗಳಿಗೆ ಒಂದು ರೂಢಿಯಿದೆ. ಬೆಳಿಗ್ಗೆ ಬಂದರಿಗೆ ಬಂದ ಹಡಗು ಸಂಜೆಯ ಹೊತ್ತಿಗೆ ಹೊರಟುಬಿಡುತ್ತದೆ. ನಡುವಿನ ಐದಾರು ಗಂಟೆಯಲ್ಲಿ ಫಲಕ ಹಿಡಿದ ಗೈಡ್ ಒಬ್ಬ ಜನರನ್ನು ಇಳಿಸಿಕೊಂಡು ಒಂದು ಕೋಟೆ, ಒಂದು ಪೇಟೆ, ಒಂದು ಕಡಲತೀರ ತೋರಿಸಿ, ತಲೆ ಎಣಿಸಿ ವಾಪಸ್ ಹತ್ತಿಸುತ್ತಾನೆ. ಈ ಹಡಗುಗಳು ನಿಲ್ಲುವ ಊರುಗಳಲ್ಲಿ ಬಹಾಮಾಸ್ ದ್ವೀಪಗಳ ನಸ್ಸೌ ಒಂದು. ಅಲ್ಲಿ ಸುಣ್ಣಕಲ್ಲಿನ ಬಂಡೆ ಕಡಿದು ಮಾಡಿದ ಮೆಟ್ಟಿಲುಗಳಿವೆ. ಅವಕ್ಕೆ ವಿಕ್ಟೋರಿಯಾ ರಾಣಿಯ ನೆನಪಿಗೆ ‘ರಾಣಿಯ ಮೆಟ್ಟಿಲು’ ಎಂದು ಹೆಸರು. ಕಡಿದವರು 1790ರ ದಶಕದ ಗುಲಾಮರು. ರಾಣಿ ಹುಟ್ಟಿದ್ದು 1819ರಲ್ಲಿ.

ದಾವಣಗೆರೆಗೆ ಸಮುದ್ರವೂ ಇಲ್ಲ, ಹಡಗೂ ಇಲ್ಲ. ಆದರೆ ಕಾಲೇಜಿನ ಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಂಡು ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರಕ್ಕೆ ಹೊರಟಾಗೆಲ್ಲ ನನಗೆ ಆ ಹಡಗು ನೆನಪಾಗುತ್ತದೆ. ನಮ್ಮದೂ ಅದೇ ಲೆಕ್ಕ: ಇಳಿ, ನೋಡು, ಫೋಟೊ ತೆಗೆ, ತಲೆ ಎಣಿಸು, ಹತ್ತು. ಒಟ್ಟು ಮೂರು ಗಂಟೆ.

ಆ ಮೂರು ಗಂಟೆಯಲ್ಲಿ ಏನು ಸಿಗುತ್ತದೆ? ಮೊದಲು ಕಥೆ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ಬ್ರಹ್ಮನಿಂದ ವರ ಪಡೆದ ಗುಹಾಸುರನನ್ನು ಇಬ್ಬರೂ ಒಂದೇ ದೇಹವಾಗಿ ಬಂದು ಕೊಂದರಂತೆ. ಗರ್ಭಗುಡಿಯ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಮಂಗಳಾರತಿಯ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವಾಗ ತ್ರಿಶೂಲ ಮರೆಯಾಗಿ ಶಂಖ ಚಕ್ರ ಕಾಣಿಸುತ್ತವೆ. ಇದನ್ನು ಎಷ್ಟು ಸಲ ನೋಡಿದರೂ ಮಕ್ಕಳು ಗಪ್ಪನೆ ಸುಮ್ಮನಾಗುತ್ತಾರೆ. ಕಥೆಯ ಬಗ್ಗೆ ನನಗೇನೂ ತಕರಾರಿಲ್ಲ. ಸ್ಥಳಪುರಾಣವೇ ಈ ನಾಡಿನ ಅತ್ಯಂತ ಹಳೆಯ ಗೈಡ್.

ಆಮೇಲೆ ಕಟ್ಟಿಸಿದವರ ಹೆಸರು. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಪೋಲಾಳ್ವ ದಂಡನಾಯಕ 1224ರ ಸುಮಾರಿಗೆ ಈ ಗುಡಿ ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ ಐದು ನೆಲೆಯ ಮಹಾದ್ವಾರ ಸೇರಿಸಿದ. ಸೋಮನಾಥಪುರ ಕಟ್ಟಿಸಿದವನೂ ಇವನೇ. ಪೋಲಾಳ್ವ ಕವಿಯೂ ಹೌದು. ‘ಹರಿಚರಿತ್ರೆ’ ಎಂಬ ಕೃತಿಯ ಕರ್ತೃವೆಂದು ಸಾಹಿತ್ಯ ಚರಿತ್ರೆ ಅವನನ್ನು ನೆನೆಯುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಿಗಾದರೂ ಗೈಡ್ ಇದೊಂದು ಮಾತು ಹೇಳಬೇಕಿತ್ತು ಅನ್ನಿಸುತ್ತದೆ. ಇಲ್ಲಿನ ಶಾಸನಗಳನ್ನು ಹುಡುಕುವವರಿಗೆ ಒಂದು ಸುಳಿವು: ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟದಲ್ಲಿ ಅವು ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲೂಕಿನ ಅಡಿಯಲ್ಲಿವೆ. ಹರಿಹರವೆಂದು ಹುಡುಕಿದರೆ ತಡಕಾಡಬೇಕಾಗುತ್ತದೆ.

ನಾನು ಮಕ್ಕಳನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದು ಮಂಟಪದ ಕಂಬಗಳ ಹತ್ತಿರ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಹೊಯ್ಸಳರ ಶಿಲ್ಪಿಗಳಿಗೆ ಅದು ಅಚ್ಚುಮೆಚ್ಚು. ಈ ಕಂಬಗಳಲ್ಲಿ ಬಳೆ ಬಳೆಯಾಗಿ ಸುತ್ತಿದ ಗೆರೆಗಳಿವೆ, ಗಂಟೆಯಂಥ ಉಬ್ಬುಗಳಿವೆ, ಹೊಳಪಂತೂ ಮುಖ ಕಾಣುವಷ್ಟು. ಕಲ್ಲನ್ನು ಅಚ್ಚಿನ ಮೇಲೆ ನಿಲ್ಲಿಸಿ ತಿರುಗಿಸುತ್ತಾ, ಉಳಿಯನ್ನು ಒತ್ತಿ ಹಿಡಿದು ಕಡೆದಿರಬೇಕು ಎನ್ನುವುದು ವಿದ್ವಾಂಸರ ಊಹೆ. ಗೈಡ್‌ಗಳು ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ಲೇತ್ ಮಷಿನ್‌ನಲ್ಲಿ ಮಾಡಿದಂಗೆ ಐತೆ ನೋಡ್ರಿ.”

ಹೋದ ಸಲ ಈ ಮಾತು ಕೇಳಿದ ಕೂಡಲೇ ನಮ್ಮ ಗುಂಪಿನ ಹುಡುಗಿಯೊಬ್ಬಳು ನನ್ನ ಕಡೆ ತಿರುಗಿ, “ಸಾರ್, ನಮ್ಮಜ್ಜ ಲೇತ್ ಮಾಡೋ ಫ್ಯಾಕ್ಟರೀಲೇ ಇದ್ರು, ಇಲ್ಲೇ” ಅಂದಳು.

ಇಲ್ಲೇ ಎಂದರೆ ಯಂತ್ರಾಪುರದಲ್ಲಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ ಲೇತ್‌ಗಳನ್ನು ತಯಾರಿಸುತ್ತಿತ್ತು. ಐಟಿಐ, ಪಾಲಿಟೆಕ್ನಿಕ್ ಓದಿದವರು ವರ್ಕ್‌ಶಾಪಿನಲ್ಲಿ ಆ ಹೆಸರು ಕೊರೆದ ಯಂತ್ರದ ಮುಂದೆ ನಿಂತಿರುವ ಸಾಧ್ಯತೆ ಬಹಳ. ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಕಾರ್ಖಾನೆಯ ಸೈರನ್ನಿನ ಮೇಲೆ. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿತು. ಗುಡಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಎಷ್ಟು ಹೊತ್ತೂ ಹಿಡಿಯುವುದಿಲ್ಲ. ಯಾವ ಪ್ರವಾಸದ ಪಟ್ಟಿಯಲ್ಲೂ ಅದನ್ನು ನಾನು ಕಂಡಿಲ್ಲ. ನಿಜ ಹೇಳಬೇಕೆಂದರೆ ಇಷ್ಟು ವರ್ಷ ನಾನು ಮಾಡಿದ ಪಟ್ಟಿಯಲ್ಲೂ ಇರಲಿಲ್ಲ. ಪೋಲಾಳ್ವನ ಹೆಸರು ಬಾಯಿಪಾಠ ಮಾಡಿಸಿದ್ದೆ. ಕಲ್ಲು ತಿರುಗಿಸಿದ ಕೈ ಯಾರದು ಎಂದು ಕೇಳಿರಲಿಲ್ಲ. ಕಬ್ಬಿಣ ತಿರುಗಿಸಿದ ಕೈಗಳು ಇದೇ ಊರಿನಲ್ಲಿ ಇನ್ನೂ ಇದ್ದರೂ ಕೇಳಿರಲಿಲ್ಲ.

ಗುಡಿ ಮುಗಿದ ಮೇಲೆ ಹೊಳೆ. ಸೂಳೆಕೆರೆಯಿಂದ ಬರುವ ಹರಿದ್ರಾ ತುಂಗಭದ್ರೆಯನ್ನು ಕೂಡುವ ಜಾಗವಾದ್ದರಿಂದ ಶಾಸನಗಳಲ್ಲಿ ಇದು ಕೂಡಲೂರು. ಈಚೆ ದಡ ಮೈಸೂರು ಸಂಸ್ಥಾನದ್ದು, ಆಚೆ ದಡ ಮುಂಬಯಿ ಪ್ರಾಂತದ್ದು ಎಂದರೆ ಇಂದಿನ ಮಕ್ಕಳು ನಂಬುವುದೇ ಇಲ್ಲ. 1865ರವರೆಗೂ ಊರಾಚೆ ಬ್ರಿಟಿಷರ ಸಿಪಾಯಿಗಳ ದಂಡು ಬೀಡುಬಿಟ್ಟಿತ್ತು. 1868ರಲ್ಲಿ ಕಮಾನುಗಳ ಸೇತುವೆ ಮುಗಿಯಿತು, 1889ರಲ್ಲಿ ಬೆಂಗಳೂರಿನ ಕಡೆಯಿಂದ ರೈಲು ಬಂತು. ಹೊಳೆ ದಾಟುವ ದಾರಿ ಇದಾದ್ದರಿಂದಲೇ ದಂಡೂ ಬಂತು, ರೈಲೂ ಬಂತು, ಆಮೇಲೆ ಕಾರ್ಖಾನೆಯೂ ಬಂತು.

ಇಲ್ಲಿಗೆ ಬಂದ ಅವಸರದ ಪ್ರವಾಸಿಗಳಲ್ಲಿ ನಾವೇ ಮೊದಲಿಗರಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹರಿಹರ, ದಾವಣಗೆರೆಗಳನ್ನು ಹಾದುಹೋದ. ಅವನ ಕೈಯಲ್ಲೂ ಒಂದು ಪಟ್ಟಿಯಿತ್ತು: ಬೆಳೆ ಏನು, ಕಂದಾಯ ಎಷ್ಟು, ಯಾವ ಜಾತಿಯವರು ಯಾವ ಕಸುಬು ಮಾಡುತ್ತಾರೆ. ಕಂಪನಿಗೆ ಬೇಕಾದ ಲೆಕ್ಕ ಅದು, ಊರಿನ ಮೇಲಿನ ಪ್ರೀತಿಯಿಂದ ಬರೆದದ್ದಲ್ಲ. ಆದರೂ ನೇಯುವವರನ್ನು, ಉಳುವವರನ್ನು ನಿಲ್ಲಿಸಿ ‘ಹೇಗೆ ಮಾಡುತ್ತೀರಿ’ ಎಂದು ವಿಚಾರಿಸಿದ. ಹೈದರಾಲಿ ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ ದಾವಣಗೆರೆ ವರ್ತಕರ ಊರಾಗಿ ಬೆಳೆದಿತ್ತು, ಕಂಬಳಿಗೆ ಹೆಸರಾಗಿತ್ತು. ಕಂಬಳಿ ಹೋಗಿ ಹತ್ತಿ ಗಿರಣಿ ಬಂದವು, ಗಿರಣಿಗಳೂ ಹೋದವು. ಈಗ ಹೊರಗಿನವರಿಗೆ ದಾವಣಗೆರೆ ಎಂದರೆ ಬೆಣ್ಣೆ ದೋಸೆ.

ಆ ದಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಮಕ್ಕಳಿಗೂ ದೋಸೆಯದೇ ಅವಸರ. ಡ್ರೈವರ್‌ಗೆ ಯಂತ್ರಾಪುರದ ಕಡೆಯಿಂದ ಹೋಗೋಣ ಎಂದೆ. ಅವರು ಗಡಿಯಾರ ತೋರಿಸಿ ಗೊಣಗಿದರೂ ತಿರುಗಿಸಿದರು. ಕಾರ್ಖಾನೆಯ ಕಡೆ ಬಸ್ಸು ನಿಧಾನವಾದಾಗ ಹುಡುಗಿ ಕಿಟಕಿಯಿಂದ ಕೈ ಚಾಚಿ ತೋರಿಸಿದಳು. ಅಜ್ಜ ಏನು ಕೆಲಸ ಮಾಡುತ್ತಿದ್ದರು ಎಂದು ಪಕ್ಕದವಳು ಕೇಳಿದಳು. “ಗೊತ್ತಿಲ್ಲ ಕಣೆ, ಮನೆಗೆ ಹೋಗಿ ಕೇಳ್ತೀನಿ” ಅಂದಳು.