ಚರ್ಮದ ಹೊಲಿಗೆ ಯಂತ್ರ

ಬಟ್ಟೆಯಲ್ಲಿ ಸೂಜಿ ಎಳೆಗಳ ನಡುವೆ ನುಸುಳುತ್ತದೆ. ಚರ್ಮವನ್ನು ಅದು ಕೊಯ್ದುಕೊಂಡೇ ಇಳಿಯಬೇಕು, ಬಿದ್ದ ತೂತು ಮತ್ತೆ ಮುಚ್ಚುವುದಿಲ್ಲ. ಯಂತ್ರ ಬರುವ ಮೊದಲು ಚರ್ಮದ ಹೊಲಿಗೆಯೆಲ್ಲ ಕೈಯದೇ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯಲ್ಲಿ ಆ ಕೈಹೊಲಿಗೆ ಇಂದಿಗೂ ಉಳಿದಿದೆ.

ದಪ್ಪ ಚರ್ಮದ ಯಂತ್ರದಲ್ಲಿ ಸೂಜಿ, ಪಾದ, ಕೆಳಗಿನ ಹಲ್ಲುಪಟ್ಟಿ ಮೂರೂ ಒಟ್ಟಿಗೆ ಚಲಿಸಿ ಪದರಗಳನ್ನು ಜಾರಗೊಡದೆ ಸಾಗಿಸುತ್ತವೆ. ಬೆಲ್ಟು, ಚೀಲಗಳಿಗೆ 18ರಿಂದ 23ನೇ ನಂಬರಿನ, ಅಲಗಿನಂಥ ತುದಿಯ ಸೂಜಿ ಮತ್ತು ನೈಲಾನ್ ದಾರ ಹೊಂದುತ್ತವೆ. ಹೊಲಿಗೆಯ ಉದ್ದ 3–5 ಮಿ.ಮೀ. ಇರಲಿ; ತೀರ ಒತ್ತಾಗಿ ಹೊಲಿದರೆ ತೂತುಗಳ ಸಾಲಿನಲ್ಲೇ ಚರ್ಮ ಹರಿಯುತ್ತದೆ.

ಹೊಲಿಗೆ ತಪ್ಪಿದರೆ ಯಂತ್ರ ಬಿಚ್ಚುವ ಮೊದಲು ಸೂಜಿ ಬದಲಿಸುವುದೇ ಜಾಣತನ: ಬಾಗಿದ, ಮೊಂಡಾದ ಇಲ್ಲವೇ ಓರೆಯಾಗಿ ಕೂತ ಸೂಜಿಯೇ ಹೆಚ್ಚಾಗಿ ಕಾರಣ. ಆಮೇಲೂ ತಪ್ಪಿದರೆ ಹುಕ್ಕಿನ ಹೊಂದಾಣಿಕೆ ನೋಡಬೇಕು. ಸೂಜಿ ತಳ ಮುಟ್ಟಿ ಸುಮಾರು 2 ಮಿ.ಮೀ. ಮೇಲೇರಿದಾಗ ಹುಕ್ಕಿನ ತುದಿ ಸೂಜಿಗಣ್ಣಿನ ತುಸು ಮೇಲೆ ಹಾದು ದಾರದ ಕುಣಿಕೆ ಹಿಡಿಯಬೇಕು. ಅಡಿಭಾಗದಲ್ಲಿ ದಾರ ಸಿಕ್ಕುಸಿಕ್ಕಾದರೆ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ. ಸಾಮಾನ್ಯವಾಗಿ ಸಡಿಲವಾಗಿರುವುದು ಮೇಲಿನ ದಾರ.