ಸರ್ ಎಂ.ವಿ. ಮೊದಲು ಓದಿದ್ದು ಬಿ.ಎ.

ಸ್ಯಾಲಿಸ್‌ಬರಿಯ ನಮ್ಮ ಮನೆಗಳಲ್ಲಿ ಮಗ ಅಥವಾ ಮಗಳು ಹನ್ನೆರಡನೇ ತರಗತಿಗೆ ಬಂದರೆ ಸಾಕು, ಹಳೆಯ ಪ್ರಶ್ನೆ ಎದ್ದು ನಿಲ್ಲುತ್ತದೆ: ಮೆಡಿಕಲ್ಲೋ, ಇಂಜಿನಿಯರಿಂಗೋ? ಮೂರನೆಯ ಉತ್ತರ ಕೇಳಿದರೆ ಹಲವರ ಮುಖ ಬಾಡುತ್ತದೆ. ಈ ಪ್ರಶ್ನೆ ನಮ್ಮ ಅಜ್ಜಂದಿರ ಕಾಲದಿಂದಲೂ ಬಂದದ್ದೆಂದು ನಂಬಿದ್ದೇವೆ. ಅದು ನಿಜವಲ್ಲ.

ಇಂಜಿನಿಯರ್ ಎಂದೊಡನೆ ನಾವು ನೆನೆಯುವ ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಆಮೇಲಷ್ಟೇ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತರು. ಮಾಸ್ತಿಯವರು ಇಂಗ್ಲಿಷ್ ಎಂ.ಎ. ಮಾಡಿ ಸೇರಿದ್ದು ಮೈಸೂರು ಸಿವಿಲ್ ಸರ್ವಿಸ್. ಸರ್ ಸಿ.ವಿ. ರಾಮನ್ ಭೌತಶಾಸ್ತ್ರದ ಎಂ.ಎ. ಹಿಡಿದುಕೊಂಡು 1907ರಲ್ಲಿ ಕಲ್ಕತ್ತೆಯ ಲೆಕ್ಕಪತ್ರ ಕಚೇರಿಗೆ ಹೋದರು! ಓದಿಗೂ ನೌಕರಿಗೂ ಆಗ ಇಷ್ಟು ಬಿಗಿಯಾದ ಗಂಟು ಇರಲಿಲ್ಲ.

ಗಂಟು ಬಿದ್ದದ್ದು ಸೀಟುಗಳ ಅಭಾವದಿಂದ. ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ಬಂದದ್ದು 1917ರಲ್ಲಿ. ಮೈಸೂರು ಮೆಡಿಕಲ್ ಕಾಲೇಜು ಆರಂಭವಾದದ್ದು 1924ರಲ್ಲಿ. ಮಣಿಪಾಲದ ಖಾಸಗಿ ವೈದ್ಯಕೀಯ ಕಾಲೇಜು 1953ರದು. ಸೀಟು ಕೆಲವು, ಆಸೆಪಟ್ಟವರು ಸಾವಿರಾರು. 'ಡೊನೇಷನ್' ಎಂಬ ಮಾತು ಮನೆಮಾತಾಗಿ, ಅದನ್ನು ತಡೆಯಲು 1984ರಲ್ಲಿ ಕಾನೂನು ಮಾಡಬೇಕಾಯಿತು, 1994ರಲ್ಲಿ ಸಿ.ಇ.ಟಿ. ಬಂತು. ಪಿ.ಯು.ಸಿ. ಮುಗಿದಾಗ ಬಾಗಿಲು ಒಮ್ಮೆ ತೆರೆಯುತ್ತಿತ್ತು, ತಪ್ಪಿದರೆ ಅಲ್ಲಿಗೆ ಮುಗಿಯಿತು. ಅಲ್ಲಿ ನಮ್ಮ ತಂದೆತಾಯಿಯರ ಭಯಕ್ಕೆ ಕಾರಣವಿತ್ತು.

ಆ ಭಯವನ್ನು ನಾವು ಉಪ್ಪಿನಕಾಯಿಯ ಭರಣಿಯೊಂದಿಗೆ ಇಲ್ಲಿಗೂ ತಂದಿದ್ದೇವೆ. ಇಲ್ಲಿನ ಬಾಗಿಲು ಬೇರೆ ಬಗೆಯದು. ನಮ್ಮದೇ ಅಡಿಲೇಡಿನ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1996ರಲ್ಲಿ ಪದವೀಧರರನ್ನು ವೈದ್ಯಕೀಯಕ್ಕೆ ಸೇರಿಸಿಕೊಳ್ಳತೊಡಗಿತು. ಮರುವರ್ಷ ಸಿಡ್ನಿ, ಬ್ರಿಸ್ಬೇನ್‌ಗಳಲ್ಲೂ ಈ ಕ್ರಮ ಬಂತು. ಇತಿಹಾಸವನ್ನೋ ಸಂಗೀತವನ್ನೋ ಓದಿದವರೂ ಗ್ಯಾಮ್‌ಸ್ಯಾಟ್ ಪರೀಕ್ಷೆ ಬರೆದು ಪ್ರಯತ್ನಿಸಬಹುದು. ವರ್ಷ ಹೆಚ್ಚು ಹಿಡಿಯುತ್ತದೆ, ಸ್ಪರ್ಧೆಯೂ ಇದೆ. ಹದಿನೇಳಕ್ಕೇ ಎಲ್ಲ ಮುಗಿಯಿತೆನ್ನುವುದು ಮಾತ್ರ ಸುಳ್ಳು.

ಇನ್ನು 'ಭದ್ರವಾದ ಕೆಲಸ'ದ ಮಾತು. ಪಕ್ಕದ ಎಲಿಜಬೆತ್‌ನ ಹೋಲ್ಡನ್ ಕಾರ್ಖಾನೆಗಿಂತ ಭದ್ರವಾದದ್ದು ಈ ಭಾಗದಲ್ಲಿ ಏನಿತ್ತು? 2017ರ ಅಕ್ಟೋಬರಿನಲ್ಲಿ ಅದಕ್ಕೂ ಬೀಗ ಬಿತ್ತು.

ಪರೀಕ್ಷೆ ಹತ್ತಿರವಾದಾಗ ತಲೆನೋವು, ಹೊಟ್ಟೆನೋವು ಎಂದು ಬರುವ ಮಕ್ಕಳನ್ನು ವೈದ್ಯರಾದ ನಾವು ನೋಡುತ್ತೇವೆ. ಎಷ್ಟೋ ಸಲ ರೋಗ ಸಿಗುವುದಿಲ್ಲ, ಮನೆಯ ಒತ್ತಡ ಸಿಗುತ್ತದೆ. ಸಟಾಕ್ ಅರ್ಜಿಯಲ್ಲಿ ಒಂದಕ್ಕಿಂತ ಹೆಚ್ಚು ಆಯ್ಕೆ ಬರೆಯಬಹುದು, ಫಲಿತಾಂಶದ ನಂತರ ಕ್ರಮ ಬದಲಿಸಲೂಬಹುದು. ಅರ್ಜಿ ತುಂಬುವಾಗ ಮಕ್ಕಳ ಪಕ್ಕದಲ್ಲಿ ಕುಳಿತು ಒಮ್ಮೆ ಓದಿನೋಡಿ.