ಬಂಗಾಲಿ ಟೋಲಾದಲ್ಲಿ ಸಿಕ್ಕ ಉಪ್ಪು-ಸಕ್ಕರೆಯ ಕಥೆ

ಅತ್ತೆಯವರ ಬಹಳ ದಿನದ ಆಸೆಯಂತೆ ಅವರನ್ನು ಕರೆದುಕೊಂಡು ಕಾಶಿಗೆ ಹೋಗಿದ್ದೆವು. ಜಂಗಮವಾಡಿ ಮಠಕ್ಕೆ ಹತ್ತಿರವೆಂದು ಬಂಗಾಲಿ ಟೋಲಾದಲ್ಲಿ ಕೋಣೆ ಹಿಡಿದೆವು. ಎದುರಿಗೆ ಹಸು ಬಂದರೆ ನಾವು ಗೋಡೆಗೆ ಒತ್ತಿ ನಿಲ್ಲಬೇಕು, ಅಂಥ ಗಲ್ಲಿಗಳು. ಕಾಶೀವಾಸಕ್ಕೆಂದು ಬಂದ ಬಂಗಾಳಿಗಳು ತಲೆಮಾರುಗಳಿಂದ ನೆಲೆಸಿರುವ ಕೇರಿ ಅದು.

ಎರಡನೇ ರಾತ್ರಿ ನಾಲ್ಕು ವರ್ಷದ ಮಗಳಿಗೆ ಭೇದಿ ಶುರುವಾಯಿತು. ಬೆಳಗಿನ ಜಾವಕ್ಕೆ ತುಟಿ ಒಣಗಿತ್ತು. ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. "ನೀರು ಕೊಡಬೇಡಮ್ಮ, ಕೊಟ್ಟಷ್ಟೂ ಹೋಗತ್ತೆ" ಎಂದರು ಅತ್ತೆ. ಅವರ ಮೊದಲ ಮಗು ಭೇದಿಯಲ್ಲೇ ಹೋಗಿದ್ದು ನನಗೆ ಗೊತ್ತಿತ್ತು. ಏನೂ ಹೇಳದೆ ಮೆಡಿಕಲ್ ಶಾಪಿಗೆ ಓಡಿದೆ. ಅಲ್ಲಿದ್ದ ಬಂಗಾಳಿ ಹಿರಿಯರು ಓಆರ್‌ಎಸ್ ಪ್ಯಾಕೆಟ್ ಕೊಟ್ಟು, "ಚಮಚ ಚಮಚವಾಗಿ ಕುಡಿಸುತ್ತಲೇ ಡಾಕ್ಟರ ಹತ್ತಿರ ಹೋಗು. ಇದು ನಮ್ಮ ಬಂಗಾಳದಲ್ಲಿ ಗೆದ್ದ ಔಷಧಿ ಮಗಳೇ" ಎಂದರು. ಡಾಕ್ಟರೂ ಅದನ್ನೇ ಮುಂದುವರಿಸಲು ಹೇಳಿದರು. ಸಂಜೆಗೆ ಮಗಳು ಮೂತ್ರ ಮಾಡಿ, ಕಚೋರಿ ಕೇಳಿದಳು.

ವಾಪಸು ರೈಲಿನಲ್ಲಿ ಆ ಮಾತಿನ ಹಿಂದಿನ ಇತಿಹಾಸ ಓದುತ್ತಾ ಕುಳಿತೆ.

ನಮ್ಮ ಪ್ರತಿ ಜೀವಕೋಶಕ್ಕೂ ಕೊಬ್ಬಿನ ಎರಡು ಪದರದ ಪೊರೆಯಿದೆ. ಆಮ್ಲಜನಕ ಅದನ್ನು ಸಲೀಸಾಗಿ ದಾಟುತ್ತದೆ. ಉಪ್ಪು, ಸಕ್ಕರೆ ದಾಟಲು ಪ್ರೋಟೀನಿನ ಬಾಗಿಲುಗಳು ಬೇಕು. ಸಣ್ಣ ಕರುಳಿನಲ್ಲಿ ಒಂದು ವಿಶೇಷ ಬಾಗಿಲಿದೆ: ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ನಮ್ಮ ಐಟಿ ಭಾಷೆಯಲ್ಲಿ ಪಾಸ್‌ವರ್ಡ್ ಜೊತೆ ಓಟಿಪಿ ಇದ್ದ ಹಾಗೆ! ಅವು ಒಳಗೆ ಹೋದರೆ ನೀರೂ ಹಿಂಬಾಲಿಸುತ್ತದೆ. ಈ ಜೋಡಿ ಸಾಗಣೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದಲ್ಲಿ ವಿಜ್ಞಾನಿಗಳ ಮುಂದಿಟ್ಟರು.

ಅದಕ್ಕೂ ಮೊದಲೇ, 1953ರಲ್ಲಿ, ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಗುಣಪಡಿಸಿದ್ದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಹೆಚ್ಚಿನವರು ಗಮನಿಸಲಿಲ್ಲ. 1959ರಲ್ಲಿ ಕಲ್ಕತ್ತೆಯವರೇ ಆದ ಶಂಭುನಾಥ ಡೇ ಕಾಲರಾದ ವಿಷವನ್ನು ಕಂಡುಹಿಡಿದರು. ಆ ವಿಷ ಕರುಳಿನ ಕೋಶಗಳಿಂದ ಉಪ್ಪು, ನೀರನ್ನು ಹೊರಗೆ ಸುರಿಸುತ್ತದೆ. ಆದರೆ ಸೋಡಿಯಂ-ಗ್ಲೂಕೋಸ್ ಬಾಗಿಲು ಮಾತ್ರ ಆಗಲೂ ಕೆಲಸ ಮಾಡುತ್ತಿರುತ್ತದೆ. ಮಗು ಉಳಿಯುವುದು ಆ ಒಂದು ಬಾಗಿಲಿನಿಂದ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳಲ್ಲಿ ಪರೀಕ್ಷಿಸಿ ತೋರಿಸಿದರು.

1971ರ ಯುದ್ಧಕಾಲದಲ್ಲಿ ಗಡಿಯ ಬನಗಾಂವ್‌ಗೆ ನಿರಾಶ್ರಿತರ ಮಹಾಪೂರವೇ ಬಂತು, ಜೊತೆಗೆ ಕಾಲರಾ. ಡ್ರಿಪ್ ಬಾಟಲಿಗಳು ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು.

ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, "ಉಪ್ಪೂ ಸಕ್ಕರೇನೂ ನಮ್ಮನೇಲೂ ಇತ್ತಲ್ಲಮ್ಮ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರ ಕೈ ಹಿಡಿದುಕೊಂಡು ಕುಳಿತೆ.

ಗೆಳತಿಯರೇ, ಪ್ರವಾಸದ ಚೀಲದಲ್ಲಿ ಎರಡು ಓಆರ್‌ಎಸ್ ಪ್ಯಾಕೆಟ್ ಇರಲಿ. ಪ್ಯಾಕೆಟ್ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಪೂರ್ತಿ ಪುಡಿ ಹಾಕಿ. ಹೆಚ್ಚು ಸಕ್ಕರೆ ಸೇರಿಸಬೇಡಿ, ಭೇದಿ ಹೆಚ್ಚುತ್ತದೆ. ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮನೆಯ ಹಿರಿಯರು ನೀರು ಬೇಡವೆಂದರೆ ರೇಗಬೇಡಿ. ಪಕ್ಕದಲ್ಲಿ ಕುಳಿತು ಈ ಕಥೆ ಹೇಳಿ.